ಗುಡ್ಡದ ಊರಿನ ಚರ್ಚಿನ ಇತಿಹಾಸ ಕೂಡಿಸುವ ಕೆಲಸ: ನನ್ನ ಅನುಭವ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಗದಗ ಸೀಮೆಯಲ್ಲಿ ಗುಡ್ಡದ ಬದಿಯ ಸಣ್ಣ ಕ್ರೈಸ್ತ ಸಭೆಯ ಇತಿಹಾಸ ಬೇಕೆಂದರೆ ಆ ಚರ್ಚಿನ ಕಪಾಟನ್ನೇ ತೆಗೆಯಬೇಕು.

ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಸಮಾಧಿ ಎಂದು ಮೂರು ರಜಿಸ್ಟರ್ ಇರುತ್ತವೆ. ನಾನು ಮೊದಲು ಹಿಡಿಯುವುದು ಸಮಾಧಿಯದನ್ನು. ಸಾವಿನ ಕಾರಣದ ಕಾಲಮ್ಮಿನಲ್ಲಿ ಪ್ಲೇಗು ಸಾಲುಗಟ್ಟಿದರೆ 1898ರಿಂದೀಚೆಗೆ, ಇನ್‌ಫ್ಲುಯೆಂಜಾ ಬಂದರೆ 1918. ಇಸವಿಯ ಹಾಳೆ ಹರಿದುಹೋಗಿದ್ದರೂ ಕಾಲ ಸಿಗುತ್ತದೆ. ದೀಕ್ಷಾಸ್ನಾನದ ದಿನವನ್ನೇ ಹುಟ್ಟಿದ ದಿನ ಮಾಡಿ ವಂಶಾವಳಿ ಕೆಡಿಸಿದವರು ಬಹಳ. ದೊಡ್ಡವರಾದ ಮೇಲೆ ದೀಕ್ಷೆ ಪಡೆದವರ ಹೆಸರೂ ಬದಲಾಗಿರಬಹುದು. ತಂದೆಯ ಹೆಸರು, ಊರು, ಕಸುಬು ಮೂರೂ ತಾಳೆಯಾದರೆ ಮಾತ್ರ ಇಬ್ಬರನ್ನು ಒಬ್ಬರೆಂದು ಬರೆಯಬೇಕು.

ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಕಾಗದವನ್ನು ತಿನ್ನುತ್ತದೆ. ಹಾಳೆ ಬಾಗಿಸಿದರೆ ಅಕ್ಷರ ಇದ್ದಲ್ಲೇ ಸೀಳುತ್ತದೆ. ಪುಸ್ತಕವನ್ನು ಪೂರ್ತಿ ಬಿಚ್ಚದೆ, ಎರಡೂ ರಟ್ಟಿನ ಕೆಳಗೆ ಮಡಚಿದ ಟವೆಲ್ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬೇಕು. ಖಾಲಿ ಹಾಳೆಯನ್ನೂ ಬಿಡಬಾರದು. ಬಿಟ್ಟರೆ ಆಮೇಲೆ ಫೋಟೊದಲ್ಲಿ ಪುಟ ತಪ್ಪಿದೆಯೋ ಪುಸ್ತಕದಲ್ಲೇ ಕಳೆದಿದೆಯೋ ತಿಳಿಯುವುದಿಲ್ಲ. ಸೆಲ್ಲೋಟೇಪ್, ಲ್ಯಾಮಿನೇಷನ್ ಹತ್ತಿರವೂ ಸುಳಿಯಬಾರದು.

ಗೋರಿಕಲ್ಲು ತೊಳೆಯಲು ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಆಸಿಡ್ಡು, ತಂತಿಬ್ರಷ್ಷು ಉಳಿದ ಅಕ್ಷರವನ್ನೂ ಒಯ್ಯುತ್ತವೆ. ಓದಲಾಗದಿದ್ದರೆ ಬದಿಯಲ್ಲಿ ಕನ್ನಡಿ ಹಿಡಿದು ಓರೆಯಾಗಿ ಬಿಸಿಲು ಹಾಯಿಸಿ. ಸವೆದ ಕೆತ್ತನೆಯಲ್ಲೂ ನೆರಳು ಕೂತು ಗೆರೆ ಎದ್ದು ಕಾಣುತ್ತದೆ. ಗಂಟೆಯ ಮೇಲಿನ ಇಸವಿ ಗಂಟೆ ಎರಕವಾದದ್ದು, ಚರ್ಚು ಕಟ್ಟಿದ್ದಲ್ಲ.

ಹಿರಿಯರನ್ನು ಕೇಳುವುದು ಇದೆಲ್ಲ ಮುಗಿದ ಮೇಲೆ. ಅವರ ಲೆಕ್ಕ ಹಲವು ಸಲ ಸಂವತ್ಸರದ್ದು. ‘ಧಾತು ಸಂವತ್ಸರ’ ಎಂದರೆ 1876ರ ಬರಗಾಲದ ವರ್ಷವೂ ಆದೀತು, ಅರವತ್ತು ವರ್ಷದ ನಂತರದ 1936 ಕೂಡ ಆದೀತು. ಸಮಾಧಿ ರಜಿಸ್ಟರ್ ಮೊದಲೇ ಓದಿದ್ದರೆ ಯಾವುದೆಂದು ಅಲ್ಲೇ ತೀರ್ಮಾನವಾಗುತ್ತದೆ.

ಬೆಳೆಯನ್ನು ಚರ್ಚಿಗೆ ತಂದು ಲಿಲಾವು ಹಾಕುವ ಸುಗ್ಗಿ ಹಬ್ಬದ ಬಗ್ಗೆ ‘ಹೆಂಗಿತ್ತ್ರೀ’ ಎಂದು ಕೇಳಿದರೆ ‘ಭಾಳ ಚಲೋ ಇತ್ತು’ ಅಷ್ಟೇ ಬರುತ್ತದೆ. ಜೋಳದ ತೆನೆ ಯಾರ ಹೊಲದ್ದು, ಲಿಲಾವು ಕೂಗುತ್ತಿದ್ದವರು ಯಾರು, ಕುಂಬಳಕಾಯಿ ಎಷ್ಟಕ್ಕೆ ಹೋಯಿತು ಎಂದು ಕೇಳಬೇಕು. ಉತ್ತರವನ್ನು ಕಾಣಿಕೆ ಪುಸ್ತಕದ ಆ ವಾರದ ಜಮೆಯೊಂದಿಗೆ ತಾಳೆ ನೋಡಿದರೆ ಹಬ್ಬ ಯಾವ ತಿಂಗಳು ನಡೆಯುತ್ತಿತ್ತು, ಯಾವ ವರ್ಷ ತಪ್ಪಿತು ಎಂಬುದೂ ಸಿಗುತ್ತದೆ.