ಈಡೇಲ್‌ನಿಂದ ಟಾರ್ಸೈಡ್‌ವರೆಗೆ: ಪೆನ್ನೈನ್ ವೇಯ ಮೊದಲ ದಿನ

ಪೆನ್ನೈನ್ ವೇ 268 ಮೈಲಿ ಉದ್ದದ ಕಾಲುದಾರಿ. ಇಂಗ್ಲೆಂಡಿನ ಡರ್ಬಿಶೈರಿನ ಈಡೇಲ್ ಹಳ್ಳಿಯಲ್ಲಿ ಶುರುವಾಗಿ ಸ್ಕಾಟ್ಲೆಂಡಿನ ಗಡಿಯಾಚೆ ಕರ್ಕ್ ಯೆಟ್‌ಹೋಮ್‌ನಲ್ಲಿ ಮುಗಿಯುತ್ತದೆ. ಅಷ್ಟೂ ನಡೆಯಲು ರಜೆ ಕೂಡಿಬರಲಿಲ್ಲ. ನಾನು ನಡೆದದ್ದು ಮೊದಲ ದಿನದ ಪಾಲು ಮಾತ್ರ, ಸುಮಾರು 16 ಮೈಲಿ.

ಆರಿಸಿಕೊಂಡದ್ದು ಮೇ ತಿಂಗಳ ಕೊನೆ. ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ನಿಧಾನವಾಗಿ ನಡೆದರೂ ಭಯವಿಲ್ಲ. ಚೀಲದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ತಂದ, ಈ ಪ್ರದೇಶದ ಡಾರ್ಕ್ ಪೀಕ್ ನಕ್ಷೆ, ದಿಕ್ಸೂಚಿ, ಮಳೆ ಕೋಟು, ಎರಡು ಲೀಟರ್ ನೀರು, ಶೇಂಗಾ ಚಟ್ನಿ ಸವರಿ ಸುತ್ತಿದ ಚಪಾತಿ. ಮ್ಯಾಂಚೆಸ್ಟರ್‌ನಿಂದ ಬೆಳಗಿನ ರೈಲಿಗೆ ಈಡೇಲ್‌ನಲ್ಲಿಳಿದು, ಓಲ್ಡ್ ನ್ಯಾಗ್ಸ್ ಹೆಡ್ ಪಬ್ಬಿನ ಎದುರಿಂದ ಹೊರಟೆ.

ಮೊದಲ ಗಂಟೆ ಕುರಿ ಮೇಯುವ ಹಸಿರು ಹೊಲಗಳು. ಆಮೇಲೆ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲ ಏರು. ಹತ್ತಿ ಮುಗಿಸಿದರೆ ಹಸಿರು ಮಾಯ. ಕಂದು ಹುಲ್ಲು, ಕೊಳೆತ ಸಸ್ಯಗಳಿಂದಾದ ಕಪ್ಪು ಪೀಟ್ ಮಣ್ಣು, ಗಾಳಿ. ಮರ ಒಂದೂ ಕಾಣದು. ಕಿಂಡರ್ ಸ್ಕೌಟ್ ಪ್ರಸ್ಥಭೂಮಿಯ ಅಂಚು ಹಿಡಿದು ಹೋದರೆ ಕಿಂಡರ್ ಡೌನ್‌ಫಾಲ್ ಸಿಗುತ್ತದೆ, ಸುಮಾರು 30 ಮೀಟರಿನ ಜಲಪಾತ. ಪಶ್ಚಿಮದ ಗಾಳಿ ಜೋರಾದಾಗ ಇದರ ನೀರು ಮೇಲಕ್ಕೇ ಹಾರುತ್ತದಂತೆ. ಅವತ್ತು ಬಂಡೆ ಒದ್ದೆ ಮಾಡುವಷ್ಟೇ ನೀರಿತ್ತು. ಊಟ ಅಲ್ಲೇ.

ಈ ಗುಡ್ಡ ಒಂದು ಕಾಲಕ್ಕೆ ಗ್ರೌಸ್ ಹಕ್ಕಿ ಬೇಟೆಯಾಡುವ ಜಮೀನ್ದಾರರದ್ದು, ನಡೆಯುವವರಿಗೆ ಪ್ರವೇಶವಿರಲಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳುತನದಲ್ಲಿ ನೂರಾರು ಜನ ಬೇಕೆಂದೇ ಒಳನುಗ್ಗಿ ಕಿಂಡರ್ ಹತ್ತಿದರು. ಐವರು ಜೈಲಿಗೆ ಹೋದರು. ಪೆನ್ನೈನ್ ವೇ ಉದ್ಘಾಟನೆಯಾದದ್ದೂ ಒಂದು ಏಪ್ರಿಲ್ 24ರಂದೇ, 1965ರಲ್ಲಿ. ಇವತ್ತು ಚೀಟಿ, ಪರವಾನಗಿ ಏನೂ ಕೇಳುವವರಿಲ್ಲ. ಕುಮಾರ ಪರ್ವತಕ್ಕೆ ಆನ್‌ಲೈನ್ ಟಿಕೆಟ್ ಹಿಡಿದು ಹೋಗುವ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿಯೇ.

ಮಿಲ್ ಹಿಲ್ ದಾಟಿದ ಮೇಲೆ ಸ್ನೇಕ್ ಪಾಸ್ ರಸ್ತೆಯವರೆಗೆ ಹುದುಲು. ಹಿಂದೆ ಇಲ್ಲಿ ಮೊಣಕಾಲುದ್ದ ಹೂತುಹೋಗುತ್ತಿದ್ದರು. ಈಗ ಚಪ್ಪಡಿ ಹಾಸಿದ್ದಾರೆ. ನನ್ನ ಪಾಲಿಗೆ ಇಡೀ ದಿನದಲ್ಲಿ ನೋಡಲೇಬೇಕಾದದ್ದು ಈ ಚಪ್ಪಡಿಗಳೇ. ಇವು ಮುಚ್ಚಿಹೋದ ಹತ್ತಿ ಗಿರಣಿಗಳ ನೆಲಗಲ್ಲುಗಳು. ಕೆಲವದರಲ್ಲಿ ಮಗ್ಗಗಳನ್ನು ಬಿಗಿದಿದ್ದ ತೂತು ಇನ್ನೂ ಇದೆ. ಸುತ್ತಲ ಕೈಗಾರಿಕಾ ಊರುಗಳ ಹೊಗೆಯಲ್ಲಿದ್ದ ಗಂಧಕವೇ ಇಲ್ಲಿಯ ಸ್ಫ್ಯಾಗ್ನಂ ಪಾಚಿಯನ್ನು ಕೊಂದು ಪೀಟನ್ನು ಬೆತ್ತಲೆ ಮಾಡಿತ್ತು. ಈಗ ಅದೇ ಗಿರಣಿಯ ಕಲ್ಲು ಅದೇ ಪೀಟನ್ನು ನಮ್ಮ ಬೂಟಿನಿಂದ ಕಾಯುತ್ತಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಲ್ಯಾಂಕಾಶೈರಿನ ಗಿರಣಿಗಳಿಗೆ ಬಂದಿತ್ತು. ಆ ತೂತುಗಳನ್ನು ನೋಡುತ್ತ ನಾನು ಬೇಕೆಂದೇ ನಿಧಾನ ಮಾಡಿದೆ. ಒದ್ದೆಯಾದರೆ ಕಲ್ಲು ಜಾರುತ್ತದೆ, ಅದೂ ಒಂದು ಕಾರಣ.

ಕಿಂಡರಿಗೆ ಹೆಸರು ಜಾಸ್ತಿ, ಆದರೆ ಪರೀಕ್ಷೆ ಇರುವುದು ರಸ್ತೆಯಾಚೆಯ ಬ್ಲೀಕ್‌ಲೋದಲ್ಲಿ. 633 ಮೀಟರ್ ಎತ್ತರ, ಆದರೆ ಶಿಖರ ಅನ್ನುವಂಥದ್ದು ಇಲ್ಲ. ನೀರು ಕೊರೆದ ಪೀಟ್ ಕಾಲುವೆಗಳ ಚಕ್ರವ್ಯೂಹ ಅಷ್ಟೇ. ಇವನ್ನು ಗ್ರಫ್ ಅನ್ನುತ್ತಾರೆ. ಒಳಗಿಳಿದರೆ ಎರಡೂ ಕಡೆ ಕಪ್ಪು ಗೋಡೆ, ತಲೆ ಮೇಲೆ ಆಕಾಶ. ಮಂಜು ಕವಿಯುವ ಮೊದಲೇ ದಿಕ್ಕು ಅಳೆದಿಟ್ಟುಕೊಳ್ಳಬೇಕು. ಡೆವಿಲ್ಸ್ ಡೈಕ್ ಎಂಬ ತಗ್ಗು ದಾರಿ ಮುಗಿದ ಮೇಲೆ ಹರ್ನ್ ಕ್ಲಫ್ ತೊರೆಯನ್ನು ಬಿಡದೆ ಹಿಡಿದು ಹತ್ತಿದೆ. ತೊರೆ ಸಣ್ಣಗಾಗುತ್ತ ಬಂದಂತೆ ದಿಕ್ಸೂಚಿ ಕೈಗೆ ಬಂತು. ಫೋನಿನಲ್ಲೂ ನಕ್ಷೆಯಿತ್ತು, ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಕಲ್ಲುರಾಶಿಯ ನಡುವೆ ನೆಟ್ಟ ಮರದ ಕೋಲು ಕಂಡರೆ ಅದೇ ನೆತ್ತಿ.

ಅಲ್ಲಿಂದ ಟಾರ್ಸೈಡ್ ಕ್ಲಫ್ ಕಣಿವೆಯ ಅಂಚಿನಲ್ಲಿ ಇಳಿತ. ದಾರಿ ಕಿರಿದು, ಪಕ್ಕಕ್ಕೇ ಪ್ರಪಾತ, ಮೊಣಕಾಲಿಗೆ ಕೆಲಸ. ಊರುಗೋಲು ಇದ್ದರೆ ಇಲ್ಲಿ ಕೈಗೆ ತೆಗೆದುಕೊಳ್ಳಿ.

ಮಾರ್ಗದರ್ಶಿ ಪುಸ್ತಕದ ಪ್ರಕಾರ ಮೊದಲ ದಿನ ಮುಗಿಯುವುದು ಟಾರ್ಸೈಡ್ ಜಲಾಶಯದಾಚೆ ಕ್ರೌಡನ್‌ನಲ್ಲಿ. ಗುಡಾರ ಹೊತ್ತವರು ಅಲ್ಲೇ ಹೂಡಬಹುದು. ನನಗೆ ಮರುದಿನ ಆಫೀಸಿತ್ತು. ಟಾರ್ಸೈಡ್‌ನಲ್ಲೇ ತಿರುಗಿ, ಹಳೆಯ ವುಡ್‌ಹೆಡ್ ರೈಲುಮಾರ್ಗದ ಮೇಲೆ ಮಾಡಿರುವ ಲಾಂಗ್‌ಡೆಂಡೇಲ್ ದಾರಿ ಹಿಡಿದು ಹ್ಯಾಡ್‌ಫೀಲ್ಡ್ ನಿಲ್ದಾಣಕ್ಕೆ ನಡೆದೆ. ಸಪಾಟು ದಾರಿ, ಒಂದು ಗಂಟೆಗೆ ತುಸು ಹೆಚ್ಚು. ಅಲ್ಲಿಂದ ಮ್ಯಾಂಚೆಸ್ಟರಿಗೆ ನೇರ ರೈಲು.