ತವರಲ್ಲಿ ಹುಟ್ಟಿದ ಮಗಳು, ಮುಂಬೈಯಲ್ಲಿ ಅಪೋಸ್ಟಿಲ್

ನಮ್ಮ ಮಗಳು ಬೆಳೆದಿದ್ದು, ಓದಿದ್ದು ಎಲ್ಲ ಮುಂಬೈಯ ಮುಲುಂಡ್‌ನಲ್ಲಿ. ಹುಟ್ಟಿದ್ದು ಮಾತ್ರ ಕುಂದಾಪುರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ಅಮ್ಮ ಹಟ ಹಿಡಿದಿದ್ದರು. ಇಪ್ಪತ್ತಾರು ವರ್ಷದ ಮೇಲೆ ಆ ಹಟ ನನ್ನನ್ನು ಒಂದೂವರೆ ತಿಂಗಳು ಅಲೆಸಿತು.

ಅವಳಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ನಗರಪಾಲಿಕೆಯಲ್ಲಿ ಹೆಸರು ಬರೆಸಲು ಅಪೋಸ್ಟಿಲ್ ಆದ ಜನನ ಪ್ರಮಾಣಪತ್ರ ಬೇಕು. ಕಂಪನಿಯವರು ಡಿಗ್ರಿ ಸರ್ಟಿಫಿಕೇಟನ್ನೂ ಕೇಳಿದರು. ಮುಂಬೈಯ ನಮ್ಮ ಜನರಲ್ಲಿ ಇಂಥ ಮಕ್ಕಳು ಎಷ್ಟೋ ಮಂದಿ ಇದ್ದಾರೆ ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ದೇಶಕ್ಕೆ ಅಂತ ನೋಡಿ. ಅಪೋಸ್ಟಿಲ್ ಅಂದರೆ ಕಾಗದದ ಮೇಲಿನ ಸಹಿ, ಮುದ್ರೆ ಅಸಲಿ ಅಂತ ಬೇರೆ ದೇಶದವರಿಗೆ ತೋರಿಸಲು 1961ರ ಹೇಗ್ ಒಪ್ಪಂದದ ಪ್ರಕಾರ ಅಂಟಿಸುವ ಒಂದು ಸ್ಟಿಕ್ಕರ್. ಭಾರತದಲ್ಲಿ ಇದು 2005ರಿಂದ ಜಾರಿಯಲ್ಲಿದೆ. ಒಪ್ಪಂದಕ್ಕೆ ಸೇರಿದ ದೇಶವಾದರೆ ಸಾಮಾನ್ಯವಾಗಿ ಅಷ್ಟೇ ಸಾಕು, ದೂತಾವಾಸದ ಬಾಗಿಲಿಗೆ ಹೋಗಬೇಕಿಲ್ಲ. ದುಬೈ, ಕುವೈತ್, ಕತಾರ್ ಕಡೆಗೆ ಇದು ನಡೆಯಲ್ಲ. ಅಲ್ಲಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣ ಆದ ಮೇಲೆ ಆ ದೇಶದ ದೂತಾವಾಸದ ಮುದ್ರೆಯೂ ಬೇಕು. ಜರ್ಮನಿಯದು ವಿಚಿತ್ರ. ಅದೂ ಒಪ್ಪಂದದಲ್ಲಿದೆ, ಆದರೆ ಭಾರತ ಸೇರಿದ್ದಕ್ಕೆ ಆಕ್ಷೇಪ ಹಾಕಿದ್ದರಿಂದ ನಮ್ಮ ಅಪೋಸ್ಟಿಲ್ ಅಲ್ಲಿ ನಡೆಯಲ್ಲ. ಹತ್ತು ವರ್ಷದ ಹಿಂದೆ ಮಾಡಿಸಿದವರ ಮಾತು ಕೇಳಿ ಹೊರಡಬೇಡಿ. ಸೌದಿ 2022ರಲ್ಲಿ, ಕೆನಡಾ 2024ರಲ್ಲಿ ಒಪ್ಪಂದದೊಳಗೆ ಬಂದವು.

ಇನ್ನು ನಾನು ಎಡವಿದ ಜಾಗ. ಕಾಗದ ಎಲ್ಲಿ ಹುಟ್ಟಿತೋ ಅದೇ ರಾಜ್ಯದ ಸರ್ಕಾರ ಮೊದಲು ಅದಕ್ಕೆ ಮುದ್ರೆ ಹಾಕಬೇಕು. ನೀವು ಎಲ್ಲಿ ವಾಸ ಇದ್ದೀರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಮುಂಬೈ ವಿಶ್ವವಿದ್ಯಾಲಯದ ಡಿಗ್ರಿಗೆ ಮಹಾರಾಷ್ಟ್ರದ ಮುದ್ರೆ, ಕುಂದಾಪುರದ ಜನನ ಪತ್ರಕ್ಕೆ ಕರ್ನಾಟಕದ ಮುದ್ರೆ. ಒಬ್ಬ ಏಜೆಂಟ್ "ಎರಡೂ ಇಲ್ಲೇ ಮಂತ್ರಾಲಯದಲ್ಲಿ ಆಗ್ತದೆ ತಾಯಿ" ಅಂದ. ಮುಂಬೈಯಲ್ಲಿ ಮಂತ್ರಾಲಯ ಅಂದರೆ ರಾಯರ ಮಠ ಅಲ್ಲ, ರಾಜ್ಯ ಸಚಿವಾಲಯ. ಎಂಟು ದಿನ ಇಟ್ಟುಕೊಂಡು, ಡಿಗ್ರಿಯ ಕೆಲಸ ಮುಗಿಸಿ, ಜನನ ಪತ್ರವನ್ನು ಹಾಗೇ ವಾಪಸ್ ಕೊಟ್ಟ. ಮುಂಗಡ ಮಾತ್ರ ವಾಪಸ್ ಬರಲಿಲ್ಲ.

ಆ ಜನನ ಪತ್ರ ಹೇಗೂ ನಡೆಯುತ್ತಿರಲಿಲ್ಲ ಅನ್ನಿ, ಏಕೆಂದರೆ ನಾನು ಅದನ್ನು ಲ್ಯಾಮಿನೇಟ್ ಮಾಡಿಸಿದ್ದೆ. ಜೋಪಾನ ಮಾಡೋಣ ಅಂತ ಅವಳು ಒಂದನೇ ಕ್ಲಾಸಿಗೆ ಸೇರುವಾಗ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದು. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲಲ್ಲ, ಬಿಚ್ಚಲು ಹೋದರೆ ಶಾಯಿಯೂ ಕಿತ್ತು ಬರುತ್ತದೆ. ಬಿಸಿ ಇಸ್ತ್ರಿ, ಹೇರ್ ಡ್ರೈಯರ್ ಅಂತ ಯಾರಾದರೂ ಉಪಾಯ ಹೇಳಿದರೆ ಕೇಳಬೇಡಿ. ಒಂದು ಮೂಲೆ ಎಳೆದು ನೋಡಿದೆ, ನನ್ನ ಗಂಡನ ಹೆಸರಿನ ಮೊದಲ ಅಕ್ಷರ ಎದ್ದು ಬಂತು. ಅಲ್ಲಿಗೇ ನಿಲ್ಲಿಸಿದೆ.

ಹೊಸ ಪ್ರತಿ ತೆಗೆಸುವುದೇ ಸರಿಯಾದ ದಾರಿ. ತಮ್ಮ ಕುಂದಾಪುರಕ್ಕೆ ಹೋಗಿ ತಂದ. ಇದರಿಂದ ಒಳ್ಳೆಯದೇ ಆಯಿತು. ಹಳೆಯದು ಬರೀ ಕನ್ನಡದಲ್ಲಿ, ಕೈಬರಹದಲ್ಲಿತ್ತು. ಹೊಸದರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದೆ, ಅನುವಾದದ ಖರ್ಚು ಉಳಿಯಿತು. ಹೊಸ ಪ್ರತಿ ಕೈಗೆ ಬಂದ ತಕ್ಷಣ ಹೆಸರಿನ ಕಾಲಂ ನೋಡಿ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿದ್ದರೆ ಅದು ಖಾಲಿ ಇರುತ್ತದೆ.

ಹೆಸರಿನದೇ ಇನ್ನೊಂದು ತಲೆನೋವು. ಊರಿನ ಕಾಗದದಲ್ಲಿ ನಮ್ಮವರು ಇನಿಷಿಯಲ್ ಹಾಕಿಕೊಂಡಿರುತ್ತಾರೆ. ಮಹಾರಾಷ್ಟ್ರದ ಶಾಲೆಯಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಸಾಲಾಗಿ ಬರೆಸುತ್ತಾರೆ. ಪಾಸ್‌ಪೋರ್ಟ್, ಡಿಗ್ರಿ, ಜನನ ಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಮೂಲದಲ್ಲೇ ತಿದ್ದಿಸಿ. ಆಗದಿದ್ದರೆ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಆದರೆ ಅದು ಹೋಗುವ ದೇಶದಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ರಾಜ್ಯದ ಮುದ್ರೆ ಬಿದ್ದ ಮೇಲೆ ವಿದೇಶಾಂಗ ಸಚಿವಾಲಯದ ಸರದಿ. ಮುಂಬೈಯಲ್ಲಿ ಅದರ ಕಚೇರಿ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ವಿದೇಶ ಭವನದಲ್ಲಿದೆ. ನಾವೇ ಕಾಗದ ಹಿಡಿದು ಹೋದರೆ ತೆಗೆದುಕೊಳ್ಳುವುದಿಲ್ಲ, ಸಚಿವಾಲಯ ನೇಮಿಸಿದ ಏಜೆನ್ಸಿ ಮೂಲಕವೇ ಕೊಡಬೇಕು. ಆ ಏಜೆನ್ಸಿಗಳ ಪಟ್ಟಿ ಸಚಿವಾಲಯದ ವೆಬ್‌ಸೈಟಿನಲ್ಲೇ ಇದೆ. ಸರ್ಕಾರಕ್ಕೆ ಕಟ್ಟುವ ಅಪೋಸ್ಟಿಲ್ ಶುಲ್ಕ ಒಂದು ಕಾಗದಕ್ಕೆ ಬರೀ 50 ರೂಪಾಯಿ. ಏಜೆನ್ಸಿಯ ಸಣ್ಣ ಶುಲ್ಕ ಬೇರೆ. ಸಾವಿರಗಟ್ಟಲೆ ಕೇಳಿದರೆ ಯಾವ ಓಡಾಟಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಸುಮ್ನೆ ತಲೆಯಾಡಿಸಬೇಡಿ. ಡಿಗ್ರಿಯನ್ನು ಇಲ್ಲಿ ಮಾಡಿಸಿದೆ. ಜನನ ಪತ್ರದ್ದು ರಾಜ್ಯದ ಮುದ್ರೆ, ಅಪೋಸ್ಟಿಲ್ ಎರಡನ್ನೂ ತಮ್ಮ ಬೆಂಗಳೂರಿನಲ್ಲೇ ಮುಗಿಸಿದ.

ಸ್ಟಿಕ್ಕರ್ ಸಾಮಾನ್ಯವಾಗಿ ಕಾಗದದ ಬೆನ್ನಿಗೆ ಬರುತ್ತದೆ. ಅದರ ಮೇಲಿನ ನಂಬರನ್ನು ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ನಿಮ್ಮ ವಿವರ ಬರಬೇಕು. ಸ್ಕ್ಯಾನ್ ಮಾಡುವಾಗ ಎರಡೂ ಬದಿ ಮಾಡಿ. ಮಗಳು ಮುಂದಿನ ಬದಿ ಮಾತ್ರ ಕಳಿಸಿ, ಅಲ್ಲಿನವರು ಅಪೋಸ್ಟಿಲ್ ಎಲ್ಲಿ ಅಂತ ಕೇಳಿದ್ದರು.

ತಮ್ಮ ಮೂರು ಪ್ರತಿ ತಂದಿದ್ದ. ಒಂದು ಅವಳ ಜೊತೆ ಹೋಯಿತು. ಉಳಿದೆರಡು ಕಪಾಟಿನಲ್ಲಿವೆ, ಬರೀ ಕಾಗದದ ಕವರಿನಲ್ಲಿ.