ಹಳೇ ಲವ್, ಹಳೇ ದೋಸ್ತಿ: ಇಂಗ್ಲಿಷಿನಲ್ಲಿ ಹೇಳೋದು ಹೇಗೆ?

ದಾವಣಗೆರೆಯಲ್ಲಿ ಓದಿ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದವರಿಗೆ ಆಫೀಸಿನ ಇಂಗ್ಲಿಷ್ ಬೇಗ ಬರುತ್ತದೆ. ಮೇಲ್, ಮೀಟಿಂಗ್, ರಜೆ ಕೇಳೋದು, ಎಲ್ಲ ಸಲೀಸು. ನಾಲಿಗೆ ತಡವರಿಸೋದು ಕೆಲಸದ ಆಚೆಗಿನ ಮಾತಿಗೆ. ಟೀಮಿನವರು ಯಾರೋ 'ಆರ್ ಯೂ ಸೀಯಿಂಗ್ ಎನಿವನ್?' ಅನ್ನುತ್ತಾರೆ. ಯಾರನ್ನಾದರೂ ನೋಡ್ತಿದೀಯಾ ಅಂತಲ್ಲ, ಯಾರ ಜೊತೆಗಾದರೂ ಪ್ರೀತಿಗೀತಿ ನಡೀತಿದೆಯಾ ಅಂತ ಅವರು ಕೇಳ್ತಿರೋದು. ಈಗ ಇಲ್ಲ, ಮೊದಲು ಒಬ್ಬರಿದ್ದರು ಅಂತ ಹೇಳಬೇಕು. ಹೇಗೆ?

ಮೊದಲು ನಮ್ಮ ಬಾಯಲ್ಲಿ ಆಗಲೇ ಇರುವ ಇಂಗ್ಲಿಷನ್ನು ಸ್ವಲ್ಪ ಜರಡಿ ಹಿಡಿಯಿರಿ. 'ಲವರ್' ನಮ್ಮಲ್ಲಿ ಪಿಯುಸಿ ಹುಡುಗರೂ ಆಡುವ ಮಾತು, ಆದರೆ ಇಂಗ್ಲೆಂಡಿನವರ, ಅಮೆರಿಕದವರ ಕಿವಿಗೆ ಅದು ಹಾಸಿಗೆಯವರೆಗೆ ಹೋದ ಸಂಬಂಧವಾಗಿ ಕೇಳುತ್ತದೆ. ಬಾಯ್‌ಫ್ರೆಂಡ್, ಗರ್ಲ್‌ಫ್ರೆಂಡ್ ಅನ್ನಿ, ಮುಗಿದಿದ್ದರೆ 'ಮೈ ಎಕ್ಸ್' ಸಾಕು. 'ಅಫೇರ್' ಇನ್ನೂ ಅಪಾಯ. ಅದು ಹೆಚ್ಚಾಗಿ ಮದುವೆಯಾದವರು ಕದ್ದುಮುಚ್ಚಿ ಇಟ್ಟುಕೊಂಡ ಸಂಬಂಧಕ್ಕೆ ಹೇಳುವ ಮಾತು. 'ಪ್ರಪೋಸ್' ಅಂದರೆ ನೇರವಾಗಿ ಮದುವೆಯಾಗ್ತೀಯಾ ಅಂತ ಕೇಳೋದು. ಕುಂದವಾಡ ಕೆರೆ ಏರಿ ಮೇಲೆ ನಿಂತು ಒಬ್ಬ ಹುಡುಗ 'ನೀನಂದ್ರೆ ಇಷ್ಟ' ಅಂದಿದ್ದಕ್ಕೆಲ್ಲ ಆ ಮಾತು ಬೇಡ. 'ಹೀ ಟೋಲ್ಡ್ ಮಿ ಹೀ ಲೈಕ್ಡ್ ಮಿ' ಅನ್ನಿ. ಜೊತೆಗೆ ಎಲ್ಲಾದರೂ ಹೋಗೋಣ ಬಾ ಅಂತ ಕರೆದಿದ್ದರೆ 'ಹೀ ಆಸ್ಕ್ಡ್ ಮಿ ಔಟ್'. ಒನ್ ಸೈಡ್ ಲವ್ ಆಗಿತ್ತಾ? 'ಐ ಹ್ಯಾಡ್ ಎ ಕ್ರಷ್ ಆನ್ ಹರ್'. ಇನ್ನು 'ಲವ್ ಫೇಲ್ಯೂರ್' ನಮ್ಮ ಕಡೆ ಮಾತ್ರ ನಡೆಯುವ ನಾಣ್ಯ. ಹೊರಗೆ 'ಐ ವೆಂಟ್ ಥ್ರೂ ಎ ಬ್ರೇಕಪ್' ಅನ್ನುತ್ತಾರೆ.

ಈಗ ಮುಖ್ಯ ವಿಷಯ. ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಯಾಕಂದರೆ ಒಂದೊಂದು ಮಾತೂ ತಪ್ಪನ್ನು ಒಬ್ಬೊಬ್ಬರ ತಲೆಗೆ ಕಟ್ಟುತ್ತದೆ. 'ವೀ ಬ್ರೋಕ್ ಅಪ್' ಅಂದರೆ ಇಬ್ಬರೂ ದೂರವಾದೆವು, ಯಾಕೆ ಅಂತ ಗೊತ್ತಾಗಲ್ಲ. 'ಇಟ್ ಡಿಡಂಟ್ ವರ್ಕ್ ಔಟ್' ಇನ್ನೂ ಮೆತ್ತಗೆ, ಮನೆಯಲ್ಲಿ ಒಪ್ಪಲಿಲ್ಲ, ಜಾತಿ ಅಡ್ಡ ಬಂತು, ಅವಳಿಗೆ ದುಬೈ ಗಂಡು ಸಿಕ್ಕಿದ, ಎಲ್ಲವೂ ಈ ಒಂದು ವಾಕ್ಯದೊಳಗೆ ಅಡಗಿ ಕೂರುತ್ತವೆ. ನನಗೆ ಕೇಳಿದರೆ ಪರಿಚಯ ಕಮ್ಮಿ ಇರುವ ಕಡೆ ಇದೇ ಒಳ್ಳೆಯದು. 'ಐ ಬ್ರೋಕ್ ಅಪ್ ವಿತ್ ಹಿಮ್' ಅಂದರೆ ಬಿಟ್ಟಿದ್ದು ನಾನು. 'ಶೀ ಡಂಪ್ಡ್ ಮಿ' ಅಂದರೆ ಅವಳು ಕೈಕೊಟ್ಟಳು. ಇದನ್ನು ಗೆಳೆಯರ ಹತ್ತಿರ ಮಾತ್ರ ಹೇಳಿ, ಮ್ಯಾನೇಜರ್ ಹತ್ತಿರ ಅಲ್ಲ. ಹೇಳದೆ ಕೇಳದೆ ಫೋನೂ ಎತ್ತದೆ, ಮೆಸೇಜಿಗೂ ಉತ್ತರ ಕೊಡದೆ ಮಾಯವಾದರೆ 'ಹೀ ಘೋಸ್ಟೆಡ್ ಮಿ'. ಇದು ಬರೀ ಹುಡುಗಾಟದ ಮಾತಲ್ಲ, ಮೆರಿಯಮ್ ವೆಬ್‌ಸ್ಟರ್ ನಿಘಂಟೇ 2017ರಲ್ಲಿ ಈ ಅರ್ಥವನ್ನು ಸೇರಿಸಿಕೊಂಡಿದೆ.

ವ್ಯಾಕರಣದಲ್ಲಿ ಎರಡೇ ಕಡೆ ಎಚ್ಚರ. ಯಾವಾಗ ಅಂತ ಹೇಳಿದರೆ 'ಹ್ಯಾವ್' ಬಿಡಿ: 'ವೀ ಬ್ರೋಕ್ ಅಪ್ ಲಾಸ್ಟ್ ಇಯರ್'. 'ಐ ವಾಸ್ ಲವಿಂಗ್ ಹರ್' ಅನ್ನಬೇಡಿ, 'ಐ ವಾಸ್ ಇನ್ ಲವ್ ವಿತ್ ಹರ್' ಅನ್ನಿ. ಹಾಗೇ 'ಇಟ್ಸ್ ಓವರ್' ಮತ್ತು 'ಐಯಾಮ್ ಓವರ್ ಹಿಮ್' ಬೇರೆ ಬೇರೆ. ಮೊದಲನೆಯದು ಸಂಬಂಧ ಮುಗಿದಿದ್ದು, ಎರಡನೆಯದು ಆತ ಮನಸ್ಸಿನಿಂದಲೂ ಹೋಗಿದ್ದು. ಎರಡೂ ಒಂದೇ ದಿನ ಆಗೋದು ಅಪರೂಪ, ಅಲ್ವಾ?

ದೋಸ್ತಿ ವಿಷಯಕ್ಕೆ ಬಂದರೆ ಇಂಗ್ಲಿಷ್ ನಿಜಕ್ಕೂ ಧಾರಾಳಿ. ಸಂಜೆಯಾದರೆ ಮಂಡಕ್ಕಿ ಮಿರ್ಚಿಗೆ ಸೇರುತ್ತಿದ್ದ ಗುಂಪು, ಒಬ್ಬ ಹುಬ್ಬಳ್ಳಿಗೆ ಹೋದ, ಒಬ್ಬಳಿಗೆ ಮದುವೆ ಆಯಿತು, ಇನ್ನೊಬ್ಬ ಅಪ್ಪನ ಅಂಗಡಿಯಲ್ಲಿ ಕೂತ, ಜಗಳವೇ ಇಲ್ಲದೆ ಮಾತು ಕಮ್ಮಿಯಾಗುತ್ತಾ ಹೋಯಿತು. ಅದಕ್ಕೆ 'ವೀ ಡ್ರಿಫ್ಟೆಡ್ ಅಪಾರ್ಟ್'. ನಂಬರ್ ಕಳೆದು, ಸುದ್ದಿಯೇ ಇಲ್ಲದಿದ್ದರೆ 'ವೀ ಲಾಸ್ಟ್ ಟಚ್'. ಜಗಳವಾಗಿಯೇ ದೂರವಾಗಿದ್ದರೆ 'ವೀ ಫೆಲ್ ಔಟ್'. ಕಾರಣ ಹೇಳಬೇಕಾದರೆ 'ಓವರ್' ಸೇರಿಸಿ: 'ವೀ ಫೆಲ್ ಔಟ್ ಓವರ್ ಮನಿ'. ಮಾತು ಬಿಟ್ಟಿದ್ದರೆ 'ವೀ ಆರ್ ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್', ರಾಜಿಯಾದರೆ 'ವೀ ಮೇಡ್ ಅಪ್'. ದೂರವಾದರೂ ಮನಸ್ತಾಪ ಇಲ್ಲದಿದ್ದರೆ 'ವೀ ಆರ್ ಸ್ಟಿಲ್ ಆನ್ ಗುಡ್ ಟರ್ಮ್ಸ್'. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ದಾವಣಗೆರೆಯನ್ನೇ ನೋಡಿ. ಬೇರೆ ಮನೆ ಮಾಡಿದರೂ ಮದುವೆಗೆ, ಜಾತ್ರೆಗೆ ಹೋಗಿಬರೋದು ನಿಂತಿಲ್ಲ. ಇದನ್ನು ನೆನಪಿಟ್ಟರೆ ಆ ಮಾತು ಮರೆಯಲ್ಲ.

ಎಲ್‌ಕೆಜಿಯಿಂದಲೂ ಗೊತ್ತು ಅನ್ನುವಂಥ ದೋಸ್ತ್ ಬಗ್ಗೆ 'ವೀ ಗೋ ವೇ ಬ್ಯಾಕ್' ಅನ್ನಿ, ಕೇಳೋಕೆ ಚೆಂದ. ಆದರೆ 'ವೀ ಪಾಸ್ಡ್ ಔಟ್ ಟುಗೆದರ್' ಅಂತ ವಿದೇಶದವರ ಮುಂದೆ ಹೇಳಿದರೆ ಇಬ್ಬರೂ ಒಟ್ಟಿಗೆ ಎಚ್ಚರ ತಪ್ಪಿ ಬಿದ್ದಿರಿ ಅಂತ ಅರ್ಥ. 'ವೀ ವರ್ ಇನ್ ಕಾಲೇಜ್ ಟುಗೆದರ್' ಸಾಕು.

ಏನೂ ಹೇಳೋಕೆ ಮನಸ್ಸಿಲ್ಲದಿದ್ದರೆ? 'ಇಟ್ಸ್ ಎ ಲಾಂಗ್ ಸ್ಟೋರಿ' ಅನ್ನಬೇಡಿ. ನಮ್ಮವರು ಅದನ್ನು ಕೇಳಿ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. 'ಐಡ್ ರಾದರ್ ನಾಟ್ ಟಾಕ್ ಅಬೌಟ್ ಇಟ್' ಅನ್ನಿ. ಅದು ಗಡುಸು ಅನಿಸಿದರೆ ನಗುತ್ತಾ 'ದಟ್ ವಾಸ್ ಎ ವೈಲ್ ಎಗೋ' ಅಂದು, ಉಸಿರು ಬಿಡೋಕೂ ಮುಂಚೆ 'ವಾಟ್ ಅಬೌಟ್ ಯೂ?' ಅಂತ ಪ್ರಶ್ನೆಯನ್ನು ಅವರ ಕಡೆಗೇ ತಿರುಗಿಸಿ.